ಧ್ಯಾನದಲ್ಲಿ ದೇಹದ ಮಾತನ್ನೂ ಕೇಳಿ

ಮಾನ್ಯ ಸಂಪಾದಕರೇ,

ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರು ಆಚರಿಸುವ ತಪಸ್ಸುಕಾಲದ ಧ್ಯಾನಕೂಟಗಳಲ್ಲಿ ದೇಹವನ್ನು ಪ್ರಾರ್ಥನೆಗೆ ಅಡ್ಡಿ ಎಂದು ಕಾಣುವುದು ತಪ್ಪು. ಯೇಸುಸಭೆ ಎಂಬ ಕಥೋಲಿಕ ಸನ್ಯಾಸಿ ಸಂಘವನ್ನು ಕಟ್ಟಿದ ಸಂತ ಇಗ್ನೇಷಿಯಸ್ ಲೊಯೊಲಾ 1548ರಲ್ಲಿ ಅಚ್ಚಾದ ತಮ್ಮ ‘ಆಧ್ಯಾತ್ಮಿಕ ಸಾಧನೆ’ಯಲ್ಲಿ ಹೇಳಿದ್ದೇ ಬೇರೆ. ಧ್ಯಾನದ ಜಾಗಕ್ಕೆ ಒಂದೆರಡು ಹೆಜ್ಜೆ ಇರುವಾಗಲೇ, ಒಂದು ಪರಲೋಕ ಜಪ (ಯೇಸು ಕಲಿಸಿದ ಪ್ರಾರ್ಥನೆ) ಹೇಳುವಷ್ಟು ಹೊತ್ತು ನಿಂತು, ದೇವರು ನನ್ನನ್ನು ನೋಡುತ್ತಿದ್ದಾರೆಂದು ನೆನೆಯಬೇಕು. ಆಮೇಲೆ ಮೊಣಕಾಲೂರಿಯೋ, ಕುಳಿತೋ, ಅಂಗಾತ ಮಲಗಿಯೋ ಧ್ಯಾನಿಸಬಹುದು. ಧ್ಯಾನದಲ್ಲಿ ಬಯಸಿದ್ದು ಯಾವ ಭಂಗಿಯಲ್ಲಿ ಸಿಕ್ಕಿತೋ ಆ ಭಂಗಿಯನ್ನು ಬದಲಿಸಬಾರದು. ಒಂದು ಉಸಿರಿಗೆ ಜಪದ ಒಂದೇ ಪದ ಎಂಬ ಕ್ರಮವೂ ಅಲ್ಲಿದೆ. ಆತುರದವರಿಗೆ ಅದು ಒಳ್ಳೆಯ ಕಡಿವಾಣ.

ನಾವು ಎಡವುವುದು ಉಪವಾಸದಲ್ಲಿ. ಅತಿಯಾದ ಉಪವಾಸದಿಂದ ಇಗ್ನೇಷಿಯಸರೇ ಆರೋಗ್ಯ ಕೆಡಿಸಿಕೊಂಡಿದ್ದರು. ಕಥೋಲಿಕ ಧರ್ಮಸಭೆಯಲ್ಲಿ 18ರಿಂದ 59 ವರ್ಷದವರಿಗೆ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ, ಶುಭ ಶುಕ್ರವಾರ ಎರಡೇ ದಿನ ಉಪವಾಸ ಕಡ್ಡಾಯ: ಒಂದು ಪೂರ್ಣ ಊಟ, ಉಳಿದೆರಡು ಹೊತ್ತು ಅಲ್ಪಾಹಾರ. ರೋಗಿಗಳಿಗೆ ವಿನಾಯಿತಿಯಿದೆ.

ನಿದ್ದೆಗೆಟ್ಟು, ಹಸಿದು ಬಂದ ಮಂಕನ್ನು ‘ದೇವರು ಬೇಡವೆಂದರು’ ಎಂದು ತಿಳಿದು ಮದುವೆಯನ್ನೋ ಸನ್ಯಾಸದ ಕರೆಯನ್ನೋ ಕೈಬಿಡುವುದು ಅಪಾಯ. ಮನಸ್ಸು ಕುಗ್ಗಿದಾಗ ಹಿಂದಿನ ನಿರ್ಧಾರ ಬದಲಿಸಬೇಡಿ ಎಂಬುದು ಇಗ್ನೇಷಿಯಸರದೇ ನಿಯಮ. ಧ್ಯಾನ ನಡೆಸಿಕೊಡುವ ಗುರುಗಳು ಮೊದಲು ‘ರಾತ್ರಿ ನಿದ್ದೆ ಬಂತೇ, ಊಟ ಆಯಿತೇ’ ಎಂದು ಕೇಳಲಿ.