ಜಪಾನಿನ ಹಮಾದಾಕ್ಕೆ ಹೊರಟ ಮಗಳಿಗೆ

ಮಗಾ,

ನಿನ್ನೆ ಊಟದ ಹೊತ್ತಿಗೆ ನಾನು ಮಾತಾಡಲಿಲ್ಲ ಅಂತ ಮುಖ ಸಣ್ಣ ಮಾಡಿಕೊಂಡು ಎದ್ದು ಹೋದೆ. ಅದು ಕೋಪ ಅಲ್ಲ, ಹೆದರಿಕೆ. ನಮ್ಮ ಕೇರಿಯಿಂದ ಜಪಾನಿ ಭಾಷೆ ಕಲಿತು, ಪರೀಕ್ಷೆ ಪಾಸಾಗಿ, ಸ್ವಂತ ಬಲದಲ್ಲಿ ಹೊರಟವಳು ನೀನೊಬ್ಬಳೇ. ಮೀನುಪೇಟೆಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಿದ್ದೇನೆ.

ಟಿಕೆಟ್ ಬಂದಾಗಿನಿಂದ ನೀನು ಹೋಗುವ ಊರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಹಮಾದಾ ಇರುವ ಶಿಮಾನೆ ಪ್ರಾಂತ್ಯದ ಪಡುವಣ ಭಾಗಕ್ಕೆ ಇವಾಮಿ ಅಂತ ಹಳೆಯ ಹೆಸರು. ಆ ಕಡಲ ದಂಡೆಯಲ್ಲಿ ನುರೆ-ಒನ್ನಾ ಅಂತ ಒಬ್ಬಳು ಇದ್ದಾಳಂತೆ, ಮೈಯೆಲ್ಲ ಒದ್ದೆಯಾದ ಹೆಂಗಸು. 1776ರಲ್ಲಿ ತೋರಿಯಾಮಾ ಸೆಕಿಯೆನ್ ಬರೆದ ಚಿತ್ರದಲ್ಲಿ ಅವಳಿಗೆ ಹೆಣ್ಣಿನ ತಲೆ, ಹಾವಿನ ಮೈ. ಇವಾಮಿಯವರ ಕಥೆಯಲ್ಲಿ ಮಾತ್ರ ಅವಳು ಕೂಸನ್ನು ಎತ್ತಿಕೊಂಡು ಬರುತ್ತಾಳೆ. ಸ್ವಲ್ಪ ಹಿಡಿದುಕೊಳ್ಳಿ ಅಂತ ದಾರಿಹೋಕರ ಕೈಗೆ ಕೊಟ್ಟು ನೀರಿಗಿಳಿಯುತ್ತಾಳೆ. ಆಮೇಲೆ ಕಡಲಿಂದ ಉಶಿ-ಓನಿ ಏಳುತ್ತಾನೆ, ಎತ್ತಿನ ತಲೆಯ ರಾಕ್ಷಸ. ಓಡೋಣ ಅಂದರೆ ಕೂಸು ಕಲ್ಲಾಗಿರುತ್ತದೆ. ಕೈಗೆ ಅಂಟಿಕೊಂಡು ಬಿಡುವುದೇ ಇಲ್ಲ.

ಮುಸ್ಸಂಜೆ ಕೂದಲು ಬಿಚ್ಚಿಕೊಂಡು ದಂಡೆಗೆ ಹೋಗಬೇಡ ಅಂತ ನಿನ್ನ ಅಜ್ಜಿ ಹೇಳುತ್ತಿದ್ದಾಗ ನಾನು ಹೆದರಿದವಳಲ್ಲ. ಇದಕ್ಕೆ ಹೆದರಿದೆ. ಯಾಕೆಂದರೆ ಆ ದಾರಿಹೋಕಳು ನೀನೇ.

ಆರನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಮನೆಯವಳು 'ಈಗ ಬಂದೆ' ಅಂತ ಕೂಸನ್ನು ನಿನ್ನ ಸೊಂಟಕ್ಕೆ ಕೂರಿಸಿ ಪೇಟೆಗೆ ಹೋದಳು. ನಾನು ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ನೀನು ತುಳಸಿಕಟ್ಟೆ ಹತ್ತಿರ ನಿಂತೇ ಇದ್ದೆ. ಲಂಗ ಒದ್ದೆ. ಎಡಗೈ ಮರಗಟ್ಟಿತ್ತು. ಕೂಸಿನ ಕಾಲ್ಗೆಜ್ಜೆಯ ಅಚ್ಚು ಮಣಿಕಟ್ಟಿನ ಮೇಲೆ ಸಾಲಾಗಿ ಕೆಂಪಗೆ ಮೂಡಿತ್ತು. ಇಳಿಸಬಾರದಿತ್ತಾ ಅಂದರೆ, "ಇಳಿಸಿದರೆ ಅಳುತ್ತದೆ ಆಯಿ" ಅಂದೆ. ರಾತ್ರಿ ಎಣ್ಣೆ ಹಚ್ಚಿ ತಿಕ್ಕಿದರೂ ಆ ಬೆರಳುಗಳು ನೆಟ್ಟಗಾಗಲಿಲ್ಲ. ದೊಡ್ಡವಳಾದ ಮೇಲೂ ಅಷ್ಟೇ. ಗೆಳತಿಯ ರೆಕಾರ್ಡ್ ಬರೆದುಕೊಟ್ಟೆ, ಜ್ವರ ಇಟ್ಟುಕೊಂಡು ಇನ್ಯಾರದ್ದೋ ನೈಟ್ ಡ್ಯೂಟಿ ಮಾಡಿದೆ. ಎಲ್ಲ ಆ ಒಂದೇ ಮಾತಿಗೆ.

ಈಗ ಹೊರಟಿರುವುದೂ ವಯಸ್ಸಾದವರನ್ನು ಎತ್ತಿ ಕೂರಿಸುವ ಕೆಲಸಕ್ಕೆ. ಒಳ್ಳೆಯ ಕೆಲಸ, ನನಗೆ ಹೆಮ್ಮೆಯಿದೆ. ಆದರೆ ಸೊಂಟ ನೋವು ಬಂದರೆ ಅವತ್ತೇ ಹೇಳು, ಸುಮ್ನೆ ನುಂಗಿಕೊಳ್ಳಬೇಡ. ಪಾಸ್‌ಪೋರ್ಟ್ ನಿನ್ನ ಹತ್ತಿರವೇ ಇರಲಿ. ರೂಮಿನವರು ಸಾಲ ಕೇಳಿದರೆ ಕೊಡಬೇಡ. ಇನ್ನೊಬ್ಬರ ಪಾಳಿ ಒಮ್ಮೆ ಮಾಡಿದರೆ ಅದು ನಿನ್ನದೇ ಆಗಿಬಿಡುತ್ತದೆ. ಮನೆಗೆ ದುಡ್ಡು ಕಳಿಸುವ ಅವಸರವೂ ಬೇಡ. ಜಾಸ್ತಿ ಆಯ್ತು ಅನ್ನಿಸಿದರೂ ಓದಿಕೋ.

ಇವಾಮಿಯವರು ಒಂದು ಉಪಾಯ ಹೇಳುತ್ತಾರೆ. ಕೂಸನ್ನು ಎತ್ತಿಕೊಳ್ಳುವ ಮೊದಲು ಕೈಗೆ ಗ್ಲೌಸ್ ಹಾಕಿಕೊಳ್ಳಬೇಕು. ಅಂಟಿಕೊಂಡಿತೋ, ಗ್ಲೌಸ್ ಸಮೇತ ಬಿಸಾಕಿ ಓಡಬೇಕು. ಎತ್ತಿಕೊಳ್ಳಲೇಬೇಡ ಅಂತ ಅವರೂ ಹೇಳಲಿಲ್ಲ ನೋಡು. ನಾನೂ ಹೇಳುವುದಿಲ್ಲ, ಹೇಳಿದರೆ ನೀನು ಕೇಳುವವಳೂ ಅಲ್ಲ ಅಲ್ವಾ?

ನಿನಗೆ ರಾತ್ರಿ ಹತ್ತಾದಾಗ ನಮಗೆ ಸಂಜೆ ಆರೂವರೆ. ಆ ಹೊತ್ತಿಗೆ ಫೋನ್ ಮಾಡು. ಊಟ ಏನು ಅಂತ ಆಮೇಲೆ ಹೇಳು. ಇವತ್ತು ಯಾರು ಏನು ಹೊರಿಸಿದರು ಅನ್ನುವುದನ್ನು ಮೊದಲು ಹೇಳು.

ನಿನ್ನ
ಆಯಿ