ಹಾಸಿಗೆ ಖಾಲಿ ಉಳಿಸಿಕೊಟ್ಟವರಿಗೆ

ಹಾಸಿಗೆ ಇಲ್ಲ ಅನ್ನುವ ಕಾರಣಕ್ಕೆ ಕಳೆದ ತಿಂಗಳು ಒಬ್ಬರನ್ನೂ ಆಪರೇಷನ್ ದಿನ ವಾಪಸ್ ಕಳಿಸಲಿಲ್ಲ. ಆಸ್ಪತ್ರೆಯಲ್ಲಿ ಓಟಿ ಲಿಸ್ಟ್, ಅಂದರೆ ಯಾರಿಗೆ ಯಾವ ದಿನ ಆಪರೇಷನ್ ಅನ್ನುವ ಪಟ್ಟಿ, ಹಾಕುವವನು ನಾನು. ಈ ಕುರ್ಚಿಗೆ ಬಂದ ಮೇಲೆ ಇಂಥ ತಿಂಗಳು ಇದೇ ಮೊದಲು.

ಮೊದಲ ಥ್ಯಾಂಕ್ಸ್ ಒಬ್ಬ ಅಮ್ಮನಿಗೆ. ಮಂಡಿ ಕೀಲು ಬದಲಿಸುವ ಆಪರೇಷನ್‌ಗೆ ಬಂದಿದ್ದರು. ಹಿಂದಿನ ರಾತ್ರಿಯಿಂದ ಏನೂ ತಿಂದಿಲ್ಲ, ಹಸಿರು ಗೌನ್ ಹಾಕಿ, ಕೈಗೆ ಸೂಜಿ ಚುಚ್ಚಿಸಿಕೊಂಡು ಕೂತಿದ್ದರು. ರಾತ್ರಿ ಎಮರ್ಜೆನ್ಸಿಗೆ ಬಂದವರಿಂದ ವಾರ್ಡ್ ತುಂಬಿತ್ತು. "ಇವತ್ತು ಆಗಲ್ಲಮ್ಮ" ಅಂತ ಮೂರನೇ ಸಲ ಹೇಳಿದ್ದು ನಾನೇ. ಅವರು ಬೈಯಲಿಲ್ಲ. ಸೂಜಿ ತೆಗೆದ ಜಾಗಕ್ಕೆ ಹತ್ತಿ ಒತ್ತಿಕೊಂಡು, "ಎಮರ್ಜೆನ್ಸಿ ದಿನಾ ಬರುತ್ತಲ್ವಾ, ಅದನ್ನ ಲೆಕ್ಕಕ್ಕೆ ಹಿಡಿಯಲ್ವಾ ನೀವು?" ಅಂದರು.

ಅವತ್ತು ಸಂಜೆ ಹಳೇ ರಿಜಿಸ್ಟರ್ ತೆಗೆದು ಕೂತೆ. ಎಮರ್ಜೆನ್ಸಿಯಲ್ಲಿ ಬರುವವರ ಸಂಖ್ಯೆ ದಿನದಿಂದ ದಿನಕ್ಕೆ ಅಷ್ಟೇನೂ ಏರಿಳಿಯುತ್ತಿರಲಿಲ್ಲ. ಏರಿಳಿತ ಇದ್ದದ್ದು ನಾನೇ ಹಾಕಿದ ಲಿಸ್ಟಿನಲ್ಲಿ! ಸೋಮವಾರ, ಮಂಗಳವಾರ ದೊಡ್ಡ ಆಪರೇಷನ್‌ಗಳೆಲ್ಲ ಒಟ್ಟಿಗೆ. ಬುಧವಾರ ಐಸಿಯು ಫುಲ್. ಶನಿವಾರ ಸಾಲು ಸಾಲು ಹಾಸಿಗೆ ಖಾಲಿ. ವರ್ಷಗಟ್ಟಲೆ ಸುಮ್ನೆ ಎಮರ್ಜೆನ್ಸಿಯನ್ನು ಬೈದುಕೊಂಡಿದ್ದೆ.

ದೊಡ್ಡ ಆಪರೇಷನ್‌ಗಳನ್ನು ವಾರವಿಡೀ ಹಂಚಲು ಸೋಮವಾರ ಬಿಟ್ಟು ಗುರುವಾರಕ್ಕೆ ಬಂದ ಮೂಳೆ ಡಾಕ್ಟರಿಗೆ ದೊಡ್ಡ ನಮಸ್ಕಾರ. ಸೀನಿಯರ್ ಸರ್ಜನ್ ತಮ್ಮ ದಿನ ಬಿಟ್ಟುಕೊಡುವುದು ಸಣ್ಣ ಮಾತಲ್ಲ, ಆಸ್ಪತ್ರೆಯಲ್ಲಿ ಇರುವವರಿಗೆ ಗೊತ್ತು. ಮಧ್ಯಾಹ್ನದ ಮೊದಲೇ ಡಿಸ್ಚಾರ್ಜ್ ಮುಗಿಸುವ ವಾರ್ಡ್ ಸಿಸ್ಟರ್‌ಗಳಿಗೆ, ಹಿಂದೆಯೇ ಹಾಸಿಗೆ ಸಿದ್ಧ ಮಾಡುವ ಕ್ಲೀನಿಂಗ್‌ನವರಿಗೆ, ಬಿಪಿ, ಶುಗರ್ ಆಪರೇಷನ್‌ಗೆ ಒಂದು ವಾರ ಮೊದಲೇ ನೋಡಿ ಎಚ್ಚರಿಸುವ ಅರಿವಳಿಕೆ ಡಾಕ್ಟರಿಗೂ.

ಎಮರ್ಜೆನ್ಸಿಗೆ ಅಂತ ಹಾಸಿಗೆ ಖಾಲಿ ಇಡುವುದಕ್ಕೆ ಅಕೌಂಟ್ಸ್ ಸರ್ ಜೊತೆ ಜಗಳವೇ ಆಗಿತ್ತು. "ಖಾಲಿ ಹಾಸಿಗೆ ಅಂದ್ರೆ ನಷ್ಟ ಕಣ್ರೀ" ಅನ್ನುವವರು ಅವರು. ಎಮರ್ಜೆನ್ಸಿ ಹಾಸಿಗೆಗಳ ಬಗ್ಗೆ 1999ರಲ್ಲಿ ಬ್ರಿಟನ್ನಿನವರು ಕಂಪ್ಯೂಟರಿನಲ್ಲಿ ಮಾಡಿದ ಲೆಕ್ಕ ತೋರಿಸಿದೆ. ತುಂಬಿದ ಹಾಸಿಗೆಗಳು ಸರಾಸರಿ ಶೇ. 85 ದಾಟಿದರೆ ಹಾಸಿಗೆ ಸಿಗದ ದಿನಗಳು ಶುರು, 90 ದಾಟಿದರೆ ಪದೇ ಪದೇ ಪರದಾಟ. ಹಾಗಂತ 85 ಎಲ್ಲರಿಗೂ ಹೊಂದುವ ಅಂಕಿ ಅಲ್ಲ. ವಾರ್ಡ್ ಚಿಕ್ಕದಾದಷ್ಟೂ ಜಾಸ್ತಿ ಪಾಲು ಖಾಲಿ ಬೇಕು. ಓದಿ ಒಪ್ಪಿದರು. ಪ್ರತಿ ಶುಕ್ರವಾರ ಮಾತ್ರ "ಎಷ್ಟು ಖಾಲಿ?" ಅಂತ ಈಗಲೂ ಕೇಳುತ್ತಾರೆ. ಕೇಳಲಿ ಬಿಡಿ.

ಕಾಯುವವರ ಪಟ್ಟಿ ಇನ್ನೂ ಉದ್ದವೇ ಇದೆ. ವಾರಕ್ಕೆ 20 ಜನ ಸೇರಿ, ಒಬ್ಬೊಬ್ಬರೂ 10 ವಾರ ಕಾದರೆ, ಯಾವಾಗ ನೋಡಿದರೂ 200 ಹೆಸರು ಇದ್ದೇ ಇರುತ್ತವೆ.

ಆ ಅಮ್ಮನಿಗೆ ಗುರುವಾರ ಆಪರೇಷನ್ ಆಯಿತು. ಮನೆಗೆ ಹೋಗುವ ದಿನ ವಾಕರ್ ಹಿಡಿದು ನನ್ನ ಟೇಬಲ್ ತನಕ ಬಂದರು. ಇನ್ನೊಂದು ಮಂಡಿಗೂ ತಾರೀಕು ಬೇಕಂತೆ. ಪೆನ್ಸಿಲ್‌ನಲ್ಲಿ ಬರೆದುಕೊಂಡೆ.

"ಪೆನ್ನಲ್ಲಿ ಬರೀರಿ" ಅಂದರು.