ಮುಸಾಶಿ ಮರದ ಬಗ್ಗೆಯೂ ಬರೆದಿದ್ದಾನೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಜಪಾನಿನ ಖಡ್ಗವೀರ ಮಿಯಾಮೊಟೊ ಮುಸಾಶಿಯ ಕುರಿತ ಲೇಖನ ಓದಿದೆ. 13ನೇ ವಯಸ್ಸಿಗೆ ಮೊದಲ ಕಾಳಗ, 60ಕ್ಕೂ ಹೆಚ್ಚು ಕಾಳಗಗಳಲ್ಲಿ ಒಮ್ಮೆಯೂ ಸೋಲದವ ಎಂಬಲ್ಲಿಗೆ ಅದು ಮುಗಿದುಹೋಗಿತ್ತು. ಬೇಸರವಾಯಿತು. ನಾನು ಬಡಗಿ. ಮುಸಾಶಿಯನ್ನು ಓದಲು ಶುರುಮಾಡಿ ಹತ್ತು ವರ್ಷವಾಯಿತು, ಕತ್ತಿಯ ಆಸೆಗಲ್ಲ.

ಅವನು 1643ರಲ್ಲಿ ಕುಮಾಮೊಟೊ ಬಳಿಯ ರೇಗಾಂಡೊ ಗುಹೆಯಲ್ಲಿ ಕೂತು ನೆಲ, ನೀರು, ಬೆಂಕಿ, ಗಾಳಿ, ಶೂನ್ಯ ಎಂಬ ಐದು ಸುರುಳಿಗಳ, ಅಂದರೆ ಸುತ್ತಿಡುವ ಹಾಳೆಯ ಭಾಗಗಳ, ಖಡ್ಗವಿದ್ಯೆಯ ಪುಸ್ತಕ ಬರೆಯತೊಡಗಿದ. ನಿಮ್ಮ ಲೇಖಕರು ಎಣಿಸಿದ ಗೆಲುವುಗಳ ಬಗ್ಗೆ ಅವನು ಆರಂಭದಲ್ಲೇ ಹೇಳಿಬಿಡುತ್ತಾನೆ: ಮೂವತ್ತು ದಾಟಿದ ಮೇಲೆ ಹಿಂದಿರುಗಿ ನೋಡಿದರೆ, ಗೆದ್ದದ್ದು ವಿದ್ಯೆ ಕೈಗೂಡಿದ್ದರಿಂದ ಅಲ್ಲ, ಹುಟ್ಟಿನ ಚುರುಕಿನಿಂದಲೋ ಎದುರಾಳಿಗಳ ಕೊರತೆಯಿಂದಲೋ ಇರಬೇಕು ಎಂದು. ಆಮೇಲೆ ಬೆಳಗೂ ಬೈಗೂ ಅಭ್ಯಾಸ. ದಾರಿ ಹೊಳೆದದ್ದು ಐವತ್ತರ ಹೊತ್ತಿಗೆ.

ಅದೇ ನೆಲದ ಸುರುಳಿಯಲ್ಲಿ ಸೇನೆ ನಡೆಸುವವನನ್ನು ಅವನು ಹೋಲಿಸುವುದು ಹಿರಿಯ ಬಡಗಿಗೆ! ಗಂಟಿಲ್ಲದ, ನೆಟ್ಟಗಿನ, ನೋಟಕ್ಕೆ ಚೆಂದದ ಮರ ಮುಂಭಾಗದ ಕಂಬಕ್ಕೆ. ನೆಟ್ಟಗಿದ್ದು ಸಣ್ಣ ಕುಂದಿದ್ದರೆ ಹಿಂಬದಿಯ ಕಂಬಕ್ಕೆ. ಬಲ ಕಡಿಮೆಯಿದ್ದರೂ ನುಣುಪಾದದ್ದು ಹೊಸ್ತಿಲಿಗೆ, ಬಾಗಿಲಿಗೆ. ಗಂಟುಗಂಟಾಗಿ ಸೊಟ್ಟಗಿದ್ದೂ ಗಟ್ಟಿಯಾದದ್ದನ್ನು ಮನೆ ಭಾರ ಹೊರುವ ಕಡೆ ನೋಡಿ ಕೂರಿಸಬೇಕು. ಯಾವುದಕ್ಕೂ ಆಗದ್ದು ಅಟ್ಟಣಿಗೆ ಕಟ್ಟಲು, ಕೊನೆಗೆ ಒಲೆಗೆ. ಆಳುಗಳ ವಿಷಯದಲ್ಲೂ ಹಾಗೆಯೇ. ತೀರಾ ಕೈ ಪಳಗದವನಿಗೂ ಬೆಣೆ ಕೆತ್ತುವ ಕೆಲಸವಿದೆ ಎನ್ನುತ್ತಾನೆ.

ಇದನ್ನು ಓದಿದ ದಿನ ಎದ್ದು ಹೋಗಿ ನಮ್ಮ ಕೊಟ್ಟಿಗೆಯ ತೊಲೆ ನೋಡಿದೆ. ಮನೆ ಕಟ್ಟಿಸಿದ ಸಾಹುಕಾರರೊಬ್ಬರು ಸೊಟ್ಟ ಎಂದು ಬಿಸಾಡಿದ್ದ ಹಲಸಿನ ದಿಮ್ಮಿ ಅದು. ಅಪ್ಪ ಗಾಡಿಯಲ್ಲಿ ಹೇರಿಕೊಂಡು ಬಂದು, ಬಾಗು ಮೇಲೆ ಬರುವಂತೆ ಕೂರಿಸಿದ್ದರು. ನಲವತ್ತು ಮಳೆಗಾಲ ಕಳೆದರೂ ಜಗ್ಗಿಲ್ಲ. ಅಪ್ಪನಿಗೆ ಓದು ಬರುತ್ತಿರಲಿಲ್ಲ, ಜಪಾನ್ ಎಲ್ಲಿದೆಯೆಂದೂ ಗೊತ್ತಿರಲಿಲ್ಲ.

ಬಿಡುವು ಸಿಕ್ಕಾಗ ಬಡಗಿ ತನ್ನ ಉಪಕರಣಗಳನ್ನು ತಾನೇ ಮಸೆದುಕೊಳ್ಳಬೇಕು ಎಂದೂ ಅವನು ಬರೆದಿದ್ದಾನೆ. ನನ್ನ ಬಳಿ ಕೆಲಸ ಕಲಿಯುವ ಹುಡುಗರಿಗೆ ಉಳಿ ಸಾಣೆ ಹಿಡಿಯುವುದೆಂದರೆ ಬೇಜಾರು. ಆದರೆ ಕತ್ತಿ ಹಿಡಿದ ಮುಸಾಶಿಯ ಚಿತ್ರ ಅವರ ಮೊಬೈಲುಗಳಲ್ಲಿದೆ, ನಿಮ್ಮ ಲೇಖನವನ್ನೂ ಅವರೇ ತಂದು ತೋರಿಸಿದ್ದು. ದಯವಿಟ್ಟು ಬಡಗಿಯ ಆ ಎರಡು ಪುಟಗಳನ್ನು ಕನ್ನಡಕ್ಕೆ ತರಿಸಿ ಪುರವಣಿಯಲ್ಲಿ ಹಾಕಿ. ಕತ್ತರಿಸಿ ಕೊಟ್ಟಿಗೆಯ ಗೋಡೆಗೆ ಅಂಟಿಸುತ್ತೇನೆ.

– ಒಬ್ಬ ಬಡಗಿ, ಸಾಗರ ತಾಲ್ಲೂಕು